ಅರ್ಧ ಡಿಸ್ಕ್ ಖಾಲಿ, ಆದರೂ ಫೈಲ್ ಆಗ್ತಿಲ್ಲ!

ಪ್ರಶ್ನೆ: ತೊಗರಿಯ ನೆಟೆ ರೋಗ ಗುರುತಿಸುವ ಪ್ರಾಜೆಕ್ಟ್ ಮಾಡ್ತಿದ್ದೇನೆ. ಎಲೆಗಳ ಫೋಟೋಗಳನ್ನು ಸಣ್ಣ ಸಣ್ಣ ತುಣುಕು ಮಾಡಿ ಕಾಲೇಜಿನ ಲಿನಕ್ಸ್ ಸರ್ವರ್‌ನಲ್ಲಿ ಇಟ್ಟಿದ್ದೇನೆ. ಹೋದ ವಾರದವರೆಗೂ ಸರಿಯಿತ್ತು. ಈಗ ಹೊಸ ಫೈಲ್ ಮಾಡಿದರೆ ‘ಡಿಸ್ಕ್ ಕೋಟಾ ಎಕ್ಸೀಡೆಡ್’ ಅನ್ನುತ್ತದೆ. ಡಿಸ್ಕ್ ಜಾಗ ತೋರಿಸುವ ಡಿಎಫ್ (df) ಕಮಾಂಡ್ ಕೊಟ್ಟರೆ ಅರ್ಧ ಡಿಸ್ಕ್ ಖಾಲಿ. ಫೈಲ್ ಮ್ಯಾನೇಜರ್‌ನಲ್ಲಿ ಒಂದಷ್ಟು ಫೋಟೋ ಡಿಲೀಟ್ ಮಾಡಿದರೂ ಅಷ್ಟೇ. ನನ್ನ ಪಾಲಿನ ಮಿತಿ ತೋರಿಸುವ ಕೋಟಾ (quota) ಕಮಾಂಡಿನ ಔಟ್‌ಪುಟ್ ಜೊತೆಗಿದೆ.
– ಒಬ್ಬ ವಿದ್ಯಾರ್ಥಿ, ಕಲಬುರಗಿ

ಉತ್ತರ: ಡಿಎಫ್ ಹೇಳೋದು ಇಡೀ ಡಿಸ್ಕಿನ ಲೆಕ್ಕ, ನಿಮ್ಮ ಪಾಲಿನದ್ದಲ್ಲ. ಡಿಸ್ಕೇ ತುಂಬಿದ್ದರೆ ‘ನೋ ಸ್ಪೇಸ್ ಲೆಫ್ಟ್’ ಅಂತ ಬರ್ತಿತ್ತು.

ನೀವು ಕಳಿಸಿದ ಔಟ್‌ಪುಟ್ ನೋಡಿ. ಬ್ಲಾಕ್ಸ್ ಕಾಲಂನಲ್ಲಿ 10 ಜಿಬಿ ಮಿತಿಗೆ 3 ಜಿಬಿ ಮಾತ್ರ ಬಳಸಿದ್ದೀರಿ, ಅಲ್ಲೇನೂ ತಕರಾರಿಲ್ಲ. ಬಲಗಡೆ ಫೈಲ್ಸ್ ಕಾಲಂನಲ್ಲಿ 41212, ಪಕ್ಕದಲ್ಲೊಂದು ನಕ್ಷತ್ರ, ಅಂದರೆ ಮಿತಿ ದಾಟಿದೆ. ಸಾಫ್ಟ್ ಮಿತಿ 40000, ಹಾರ್ಡ್ ಮಿತಿ 50000, ಗ್ರೇಸ್ (ಹೆಚ್ಚುವರಿ ಗಡುವು) ಜಾಗದಲ್ಲಿ ‘ನನ್’ (none), ಅಂದರೆ ಗಡುವು ಮುಗಿದಿದೆ. ಒಟ್ಟಿನಲ್ಲಿ ನಿಮಗೆ ಜಾಗ ಮುಗಿದಿಲ್ಲ, ಫೈಲುಗಳ ಸಂಖ್ಯೆ ಜಾಸ್ತಿಯಾಗಿದೆ. ಸಾಫ್ಟ್ ಮಿತಿ ದಾಟಿದರೂ ಸ್ವಲ್ಪ ದಿನ ನಡೆಯುತ್ತದೆ, ಅಡ್ಮಿನ್ ಬದಲಾಯಿಸದಿದ್ದರೆ ಸಾಮಾನ್ಯವಾಗಿ 7 ದಿನ, ಆ ಗಡುವು ಮುಗಿದ ಮೇಲೆ 50000 ಮುಟ್ಟದಿದ್ದರೂ ಒಂದೇ ಒಂದು ಹೊಸ ಫೈಲಿಗೂ ಬಾಗಿಲು ಬಂದ್. ಫೋಲ್ಡರ್‌ಗಳೂ ಈ ಲೆಕ್ಕದಲ್ಲಿ ಸೇರುತ್ತವೆ.

ಇನ್ನು ಡಿಲೀಟ್ ವಿಷಯ. ಆ ಫೋಟೋಗಳು ಹೋಗಿರೋದು ಟ್ರ್ಯಾಶ್‌ಗೆ. ಅಲ್ಲಿದ್ದರೂ ನಿಮ್ಮ ಹೆಸರಲ್ಲೇ ಲೆಕ್ಕ! ಮೊದಲು ಅದನ್ನು ಖಾಲಿ ಮಾಡಿ, ಆಮೇಲೆ ಹೋಮ್ ಫೋಲ್ಡರ್‌ನಲ್ಲಿರೋ ಕ್ಯಾಶ್ (ಪ್ರೋಗ್ರಾಂಗಳ ತಾತ್ಕಾಲಿಕ ಫೈಲುಗಳು) ತೆಗೆಯಿರಿ. ಡಿಯು (du) ಕಮಾಂಡಿಗೆ ಇನೋಡ್ಸ್ (--inodes) ಆಪ್ಷನ್ ಕೊಟ್ಟರೆ ಯಾವ ಫೋಲ್ಡರ್‌ನಲ್ಲಿ ಎಷ್ಟು ಫೈಲಿವೆ ಅಂತ ತಿಳಿಯುತ್ತದೆ. 40000ಕ್ಕಿಂತ ಕೆಳಗೆ ಬಂದ ಕೂಡಲೇ ತಡೆ ಹೋಗುತ್ತದೆ, ಮುಂದೆ ಮತ್ತೆ ದಾಟಿದರೆ ಗಡುವು ಹೊಸದಾಗಿ ಶುರು. ತಡೆ ಹೋದ ಮೇಲೆ ತುಣುಕುಗಳನ್ನೆಲ್ಲ ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ), ಆ ಟಾರ್ ಸರಿಯಾಗಿ ತೆರೆಯುತ್ತಾ ನೋಡಿಕೊಂಡು, ಬಿಡಿ ಫೈಲುಗಳನ್ನು ಅಳಿಸಿ. ಈಗಲೇ ಟಾರ್ ಮಾಡೋಕೆ ಹೋಗಬೇಡಿ, ಅದೂ ಒಂದು ಹೊಸ ಫೈಲೇ ಅಲ್ವಾ?

ಬಿಡಿ ಫೈಲುಗಳೇ ಬೇಕು ಅಂದರೆ ಅಡ್ಮಿನ್ ಹತ್ತಿರ ಹೋಗಿ. ‘ಜಾಗ ಕೊಡಿ’ ಅನ್ನಬೇಡಿ, ಸುಮ್ನೆ ಜಿಬಿ ಏರಿಸಿ ಕಳಿಸ್ತಾರೆ. ಇನೋಡ್ ಮಿತಿ, ಅಂದರೆ ಫೈಲುಗಳ ಸಂಖ್ಯೆಯ ಮಿತಿ, ಏರಿಸಿ ಅಂತ ಕೇಳಿ. ಎಡ್‌ಕೋಟಾ ಕಮಾಂಡಿನಲ್ಲಿ ಅವರಿಗೆ ಅದು ಒಂದು ನಿಮಿಷದ ಕೆಲಸ.

ಪ್ರಶ್ನೆ: ದೊಡ್ಡ ಲಾಗ್ ಫೈಲ್ ಅಳಿಸಿದೆ. ಜಾಗ ವಾಪಸ್ ಬಂದಿಲ್ಲ, ಯಾಕೆ?
– ಓದುಗರು, ಯಾದಗಿರಿ

ಉತ್ತರ: ಯಾವುದೋ ಪ್ರೋಗ್ರಾಂ ಅದನ್ನು ಇನ್ನೂ ತೆರೆದಿಟ್ಟುಕೊಂಡಿದೆ. ತೆರೆದಿರೋ ಫೈಲುಗಳನ್ನು ತೋರಿಸುವ ಎಲ್‌ಎಸ್‌ಒಎಫ್ (lsof) ಕಮಾಂಡ್ ಕೊಟ್ಟು ‘ಡಿಲೀಟೆಡ್’ ಅಂತ ಇರೋ ಸಾಲು ಹುಡುಕಿ. ಆ ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬರುತ್ತದೆ.