ಮೂಗಿನ ಪಕ್ಕದ ಮೊಡವೆ ಹಿಂಡಿದೆ, ಶುಗರ್ ಬೇರೆ ಇದೆ. ಮಿದುಳಿಗೆ ಏರುತ್ತಾ?

ನೀವು ಹೆದರುತ್ತಿರುವ ಕ್ಯಾವರ್ನಸ್ ಸೈನಸ್ ಥ್ರಾಂಬೋಸಿಸ್ ನನಗೆ ಬಂದಿತ್ತು. ಅಂದರೆ ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿರುವ ಕ್ಯಾವರ್ನಸ್ ಸೈನಸ್ ಎಂಬ ಸಿರೆಯಲ್ಲಿ ಸೋಂಕಿನಿಂದ ರಕ್ತ ಹೆಪ್ಪುಗಟ್ಟುವ ಕಾಯಿಲೆ. ನನಗೂ ಶುಗರ್ ಇದೆ.

ಮೂಗಿನ ಹೊಳ್ಳೆಯೊಳಗೆ ಕುರು ಎದ್ದಿತ್ತು. ಚಿವುಟಿದೆ, ಕೀವು ಬಂತು, ಹಗುರ ಅನ್ನಿಸಿತು. ಆಮೇಲೆ ಚಳಿಜ್ವರ, ಬಲಗಣ್ಣಿನ ಹಿಂದೆ ತಡೆಯಲಾಗದ ನೋವು. ಬೆಳಿಗ್ಗೆ ಏಳುವಷ್ಟರಲ್ಲಿ ರೆಪ್ಪೆ ಊದಿತ್ತು. ಆಗ ವಿಜಯನಗರದ ನಮ್ಮ ಬೀದಿಯಲ್ಲಿ ಮನೆಮನೆಗೂ ಮದ್ರಾಸ್ ಐ. ನನಗೂ ಅದೇ ಅಂದುಕೊಂಡು ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿಕೊಂಡೆ.

ನನಗೆ ಮುಳುವಾಗಿದ್ದು ಇದೇ. ಮದ್ರಾಸ್ ಐ ಆದರೆ ಕಣ್ಣು ಕೆಂಪಾಗುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಗೀಜು ಕಟ್ಟಿ ರೆಪ್ಪೆ ಅಂಟಿಕೊಳ್ಳುತ್ತದೆ. ಆದರೆ ಕಣ್ಣುಗುಡ್ಡೆ ಎಲ್ಲ ಕಡೆಗೂ ತಿರುಗುತ್ತದೆ. ನನಗೆ ಗೀಜು ಇರಲೇ ಇಲ್ಲ. ಬಸ್ ಸ್ಟಾಪಿನಲ್ಲಿ ಬಲಕ್ಕೆ ನೋಡಿದರೆ ಬರುವ ಬಸ್ಸು ಅಕ್ಕಪಕ್ಕ ಎರಡಾಗಿ ಕಾಣುತ್ತಿತ್ತು. ಬಲಗಣ್ಣು ಹೊರಗಡೆಗೆ ತಿರುಗುತ್ತಿರಲಿಲ್ಲ. ಕಣ್ಣನ್ನು ಹೊರಕ್ಕೆ ತಿರುಗಿಸುವ ನರ ಆ ಕ್ಯಾವರ್ನಸ್ ಸೈನಸ್ಸಿನ ಒಳಗಿಂದಲೇ ಹಾದು ಹೋಗುತ್ತದೆ. ಸಾಮಾನ್ಯವಾಗಿ ಮೊದಲ ಪೆಟ್ಟು ಅದಕ್ಕೇ ಬೀಳೋದು. ಜ್ವರದ ಸುಸ್ತು ಅಂದುಕೊಂಡು ಮತ್ತೆ ಡ್ರಾಪ್ಸ್ ಹಾಕಿ ಮಲಗಿದೆ. ಎಡಗಣ್ಣೂ ಊದಿದಾಗ ಮನೆಯವರು ಆಸ್ಪತ್ರೆಗೆ ಹೊತ್ತೊಯ್ದರು. ಎರಡೂ ಬದಿಯ ಕ್ಯಾವರ್ನಸ್ ಸೈನಸ್ಸುಗಳಿಗೆ ಒಳಗೇ ಸಂಪರ್ಕ ಇದೆ, ಸೋಂಕು ಇನ್ನೊಂದು ಕಣ್ಣಿಗೆ ದಾಟೋಕೆ ಒಂದೆರಡು ದಿನ ಸಾಕು.

ಎಂಆರ್‌ಐ ಆಯಿತು, ವಾರಗಟ್ಟಲೆ ಡ್ರಿಪ್ಪಿನಲ್ಲಿ ಆಂಟಿಬಯೋಟಿಕ್ ಹೋಯಿತು. ಜೀವ ಉಳಿಯಿತು. ಬಲಕ್ಕೆ ನೋಡಿದರೆ ಇವತ್ತಿಗೂ ಎರಡೆರಡು. ಸ್ಕೂಟರ್ ಮಾರಿಬಿಟ್ಟೆ.

ಮೊಡವೆ ಹಿಂಡಿದ್ದಕ್ಕೆ ಕೊರಗಬೇಡಿ. ಇದು ತೀರಾ ಅಪರೂಪದ ಕಾಯಿಲೆ, ಮೊಡವೆ ಹಿಂಡಿದವರೆಲ್ಲರಿಗೂ ಬರಲ್ಲ. ಕಣ್ಣುಗಳ ನಡುವಿನ ಮೂಗಿನ ಬುಡದಿಂದ ಬಾಯಿಯ ಎರಡು ತುದಿವರೆಗಿನ ಜಾಗದ ರಕ್ತ ಕಣ್ಣಿನ ಸಿರೆಗಳ ಮೂಲಕ ಕ್ಯಾವರ್ನಸ್ ಸೈನಸ್ಸಿಗೆ ಹೋಗಬಹುದು ಅನ್ನೋದು ನಿಜ. ಆದರೆ ಮೂಗಿನ ಹಿಂದಿನ ಸೈನಸ್ಸುಗಳ (ಇವು ಬೇರೆ, ಗಾಳಿ ತುಂಬಿದ ಪೊಳ್ಳುಗಳು) ಸೋಂಕು, ಮೇಲ್ದವಡೆಯ ಹುಳುಕು ಹಲ್ಲಿನ ಕೀವು ಕೂಡ ಅಲ್ಲಿಗೇ ಏರುತ್ತವೆ. ನೆಗಡಿ ಬಿಡದೆ ಕಾಡಿದರೂ, ಹಲ್ಲು ಹುಳುಕಾದರೂ ನಾವು ತಿಂಗಳುಗಟ್ಟಲೆ ಸುಮ್ನೆ ಇರ್ತೀವಿ, ಅಲ್ವಾ? ಸ್ಟೀರಾಯ್ಡ್ ತಗೊಳ್ಳೋರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರಿಗೆ, ರಕ್ತ ಬೇಗ ಹೆಪ್ಪುಗಟ್ಟೋರಿಗೆ ಅಪಾಯ ಜಾಸ್ತಿ. ಅಂಕೆ ತಪ್ಪಿದ ಶುಗರ್ ಇರೋರಿಗೂ ಅಷ್ಟೇ. 2021ರಲ್ಲಿ ಬ್ಲ್ಯಾಕ್ ಫಂಗಸ್ ಹೆಚ್ಚಾಗಿ ಹಿಡಿದದ್ದು ಶುಗರ್ ಇದ್ದವರನ್ನೇ, ಅದೂ ಮೂಗಿನ ದಾರಿಯಲ್ಲೇ ಕಣ್ಣಿಗೆ ಏರಿತ್ತು.

ಹಾಗಾಗಿ ನಾಳೆಯೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಮೊಡವೆಯನ್ನು ಮತ್ತೆ ಮುಟ್ಟಬೇಡಿ. ಜ್ವರ, ತಲೆನೋವಿನ ಜೊತೆ ರೆಪ್ಪೆ ಊದಿದರೆ, ಎರಡೆರಡು ಕಂಡರೆ, ರಾತ್ರಿಯೇ ಆಗಿರಲಿ, ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಅಲ್ಲಿ ಶುಗರ್ ವಿಷಯ, ಮೊಡವೆ ಹಿಂಡಿದ ವಿಷಯ ಎರಡನ್ನೂ ನೀವೇ ಮೊದಲು ಹೇಳಿ. ಊದಿದ ಕಣ್ಣು ನೋಡಿದವರು ಮೂಗಿನ ಬಗ್ಗೆ ಕೇಳದೇ ಇರಬಹುದು.