‘ಡೆನ್ಸಿಟಿ’ ಅಲ್ಲ, ‘ಎಕೋಜೆನಿಸಿಟಿ’: ಲಿವರ್ ಸ್ಕ್ಯಾನಿಂಗ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಸ್ಕ್ಯಾನಿಂಗ್ ಸೆಂಟರ್ ಒಂದರಲ್ಲಿ ರಿಪೋರ್ಟ್ ಟೈಪ್ ಮಾಡುವ ಕೆಲಸ ನನ್ನದು. ‘ಲಿವರ್ ಡೆನ್ಸಿಟಿ ಹೆಚ್ಚಿದೆ’ ಎಂದು ಬರೆದಾಗಲೆಲ್ಲ ಡಾಕ್ಟರು ಗೀಟು ಹೊಡೆದು ‘ಎಕೋಜೆನಿಸಿಟಿ’ ಎಂದು ತಿದ್ದುತ್ತಾರೆ. ಎರಡೂ ಒಂದೇ ಅಲ್ಲವೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಅಲ್ಲ. ಫ್ಯಾಟಿ ಲಿವರ್ ವಿಷಯದಲ್ಲಂತೂ ಅರ್ಥವೇ ಉಲ್ಟಾ ಆಗಿಬಿಡುತ್ತದೆ. ಡೆನ್ಸಿಟಿ ಸಿ.ಟಿ. ಸ್ಕ್ಯಾನಿನ ಮಾತು. ಅಲ್ಲಿ ಹೌನ್ಸ್‌ಫೀಲ್ಡ್ ಯೂನಿಟ್ ಎಂಬ ಅಳತೆ ಇದೆ: ನೀರಿಗೆ 0, ಕೊಬ್ಬಿಗೆ ಸುಮಾರು ಮೈನಸ್ 100, ಬಣ್ಣದ ಇಂಜೆಕ್ಷನ್ ಕೊಡದೆ ನೋಡಿದರೆ ಚೆನ್ನಾಗಿರುವ ಲಿವರಿಗೆ 55ರಿಂದ 65ರ ಆಸುಪಾಸು. ಕೊಬ್ಬು ತುಂಬಿದಷ್ಟೂ ಈ ಅಂಕಿ ಇಳಿದು ಲಿವರ್ ಕಪ್ಪಾಗುತ್ತದೆ. ಅದೇ ಲಿವರ್ ಅಲ್ಟ್ರಾಸೌಂಡಿನಲ್ಲಿ ಬೆಳ್ಳಗೆ ಕಾಣುತ್ತದೆ, ಏಕೆಂದರೆ ಕೊಬ್ಬಿನ ಸಣ್ಣ ಹನಿಗಳು ಶಬ್ದವನ್ನು ಚದುರಿಸಿ ಹೆಚ್ಚು ಪ್ರತಿಧ್ವನಿ ಕಳಿಸುತ್ತವೆ. ಹೊಟ್ಟೆಯ ಮೇಲೆ ಇಡುವ ಪ್ರೋಬಿಗೆ ತಿಳಿಯುವುದು ಈ ಪ್ರತಿಧ್ವನಿಯ ಜೋರು ಮಾತ್ರ, ಅದೇ ಎಕೋಜೆನಿಸಿಟಿ; ಅಂಗದ ಸಾಂದ್ರತೆ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ‘ಹೆಚ್ಚಿದೆ’ ಎಂದರೆ ಯಾವುದಕ್ಕಿಂತ? ಅದನ್ನು ಬರೆಯದಿದ್ದರೆ ವಾಕ್ಯ ಅರ್ಧವೇ. ಲಿವರ್ ಮತ್ತು ಬಲ ಕಿಡ್ನಿ ಒಂದೇ ಚಿತ್ರದಲ್ಲಿ, ಒಂದೇ ಆಳದಲ್ಲಿ ಸಿಗುವಂತೆ ಹಿಡಿದು ಕಿಡ್ನಿಯ ಹೊರಪದರಕ್ಕೆ ಹೋಲಿಸುವುದು ರೂಢಿ. ಆರೋಗ್ಯವಂತರಲ್ಲಿ ಲಿವರ್ ಅದಕ್ಕೆ ಸಮ ಅಥವಾ ಒಂದು ಕೂದಲಷ್ಟು ಬೆಳ್ಳಗೆ. ಆದರೆ ಕಿಡ್ನಿಯೇ ಕೆಟ್ಟು ಬೆಳ್ಳಗಾಗಿದ್ದರೆ ಈ ತಕ್ಕಡಿ ನಡೆಯದು. ಆಗ ಸ್ಪ್ಲೀನ್ (ಗುಲ್ಮ) ಜತೆ ಹೋಲಿಸಿ, ಹಾಗೆ ಹೋಲಿಸಿದ್ದೇವೆ ಎಂದೇ ಬರೆಯಬೇಕು.

ಬಿಳುಪು ಬೇರೆ, ಕಣದ ರೀತಿ ಬೇರೆ. ನುಣ್ಣಗೆ ಬೀಸಿದ ಜೋಳದ ಹಿಟ್ಟಿಗೂ ನುಚ್ಚಿಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ನುಚ್ಚಿನಂತೆ ಕಂಡರೆ ‘ಕೋರ್ಸ್ ಎಕೋಟೆಕ್ಸ್‌ಚರ್’. ಇದನ್ನು ಟೆಂಪ್ಲೇಟಿನಿಂದ ಕಾಪಿ ಹೊಡೆದು ಸೇರಿಸಬೇಡಿ. ಈ ಎರಡು ಪದ ಓದಿದ ವೈದ್ಯರು ಸಿರೋಸಿಸ್ (ಲಿವರ್ ಕಲೆಗಟ್ಟಿ ಗಂಟುಗಂಟಾಗುವ ಕಾಯಿಲೆ) ಇರಬಹುದೇ ಎಂದು ಹುಡುಕಲು ಶುರು ಮಾಡುತ್ತಾರೆ. ಅನುಮಾನವಿದ್ದಾಗ ಡಾಕ್ಟರು ಮೇಲ್ಭಾಗವನ್ನು ಸ್ಪಷ್ಟವಾಗಿ ತೋರಿಸುವ ಲೀನಿಯರ್ ಪ್ರೋಬ್ ಇಟ್ಟು ಲಿವರಿನ ಅಂಚು ನೋಡಿ, ನಯವೋ ಗಂಟುಗಂಟೋ ಹೇಳಿರುತ್ತಾರೆ. ಅದನ್ನು ಬಿಡದೆ ಟೈಪ್ ಮಾಡಿ. ‘ಗಟ್ಟಿಯಾಗಿದೆ’ ಎಂಬ ಪದವನ್ನು ಮಾತ್ರ ಮಾಮೂಲಿ ಸ್ಕ್ಯಾನಿಂಗಿನ ರಿಪೋರ್ಟಿನಲ್ಲಿ ಬರೆಯುವಂತೆಯೇ ಇಲ್ಲ. ಗಟ್ಟಿತನ ಅಳೆಯಲು ಎಲಾಸ್ಟೋಗ್ರಫಿ ಎಂಬ ಬೇರೆ ಪರೀಕ್ಷೆ ಬೇಕು.

ಪ್ರಶ್ನೆ: ಒಂದು ಕಡೆ ಗ್ರೇಡ್ 1 ಫ್ಯಾಟಿ ಲಿವರ್ ಅಂದರು. ಇಪ್ಪತ್ತು ದಿನ ಬಿಟ್ಟು ಬೇರೆ ಕಡೆ ಗ್ರೇಡ್ 2. ಇಷ್ಟು ಬೇಗ ಹೆಚ್ಚಾಗುತ್ತದೆಯೇ?
– ಓದುಗರೊಬ್ಬರು, ಹುಮನಾಬಾದ್

ಉತ್ತರ: ಲಿವರ್ ಬದಲಾಗಿರುವುದಕ್ಕಿಂತ ನೋಡಿದ ಕಣ್ಣು, ಮೆಷಿನ್ ಬದಲಾಗಿರುವ ಸಂಭವವೇ ಹೆಚ್ಚು. ಗ್ರೇಡ್ ಎಂಬುದು ಕಣ್ಣಂದಾಜು. ಲಿವರ್ ಬೆಳ್ಳಗಿದ್ದರೂ ಒಳಗಿನ ಪೋರ್ಟಲ್ ರಕ್ತನಾಳಗಳ ಗೋಡೆ, ಹಿಂದಿನ ಡಯಾಫ್ರಮ್ (ಎದೆ, ಹೊಟ್ಟೆ ನಡುವಿನ ಪರದೆ) ಗೆರೆ ಸ್ಪಷ್ಟವಿದ್ದರೆ 1. ಆ ಗೋಡೆಗಳು ಮಸುಕಾದರೆ 2. ಡಯಾಫ್ರಮ್ಮೂ ಲಿವರಿನ ಹಿಂಭಾಗವೂ ಕಾಣದಾದರೆ 3.

ಎಡವಟ್ಟು ಆಗುವುದು ಹೆಚ್ಚಾಗಿ ಚಿತ್ರದ ಬಿಳುಪು ಏರಿಸಿ ಇಳಿಸುವ ಗೇನ್ ಗುಂಡಿಯಲ್ಲಿ. ಕಿಟಕಿಯಿಂದ ಬಿಸಿಲು ಮಾನಿಟರ್ ಮೇಲೆ ಬಿದ್ದರೆ ಚಿತ್ರ ಮಂಕೆನಿಸಿ ಗೇನ್ ಏರಿಸುತ್ತಾರೆ, ಒಳ್ಳೆಯ ಲಿವರೂ ಬಿಳಿಯಾಗುತ್ತದೆ. ಪರೀಕ್ಷೆ ಸುಲಭ: ಫಿಲ್ಮಿನಲ್ಲಿ ಗಾಲ್‌ಬ್ಲಾಡರ್ ಒಳಗಿನ ಪಿತ್ತರಸ ಕಪ್ಪಗಿರಬೇಕು. ಅದೇ ಬೂದಿ ಬಣ್ಣಕ್ಕಿದ್ದರೆ ಗೇನ್ ಜಾಸ್ತಿಯಾಗಿರುವ ಗುಮಾನಿ. ಹೊಟ್ಟೆಯ ಚರ್ಮದಡಿ ಕೊಬ್ಬು ದಪ್ಪವಿರುವವರಲ್ಲಿ ಶಬ್ದ ಮೇಲೆಯೇ ಸವೆದು ಡಯಾಫ್ರಮ್ ಕಾಣದೆಯೂ ಹೋಗಬಹುದು. ಮುಂದಿನ ಸಲ ಒಂದೇ ಕಡೆ ಮಾಡಿಸಿ, ಹಳೆಯ ಫಿಲ್ಮ್ ಒಯ್ಯಿರಿ. ಗ್ರೇಡ್ 1, 2 ಎರಡರಲ್ಲೂ ಸಲಹೆ ಹೆಚ್ಚುಕಡಿಮೆ ಒಂದೇ: ತೂಕ ಇಳಿಸಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಡಿ, ಮದ್ಯ ಬಿಡಿ.

ಪ್ರಶ್ನೆ: ಫೈಬ್ರೊಸ್ಕ್ಯಾನ್‌ನಲ್ಲಿ 9.4 ಬಂದಿದೆ. ಇದು ಕೊಬ್ಬಿನ ಪ್ರಮಾಣವೇ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅಲ್ಲ. ಫೈಬ್ರೊಸ್ಕ್ಯಾನ್ ಒಂದು ಬಗೆಯ ಎಲಾಸ್ಟೋಗ್ರಫಿ; ಆ ಅಂಕಿ ಲಿವರಿನ ಗಟ್ಟಿತನ, ಘಟಕ ಕಿಲೋಪಾಸ್ಕಲ್. ಕೊಬ್ಬಿನ ಅಂದಾಜು ಅದೇ ಚೀಟಿಯಲ್ಲಿ ‘ಸಿಎಪಿ’ ಎಂದು ಮೂರಂಕಿಯಲ್ಲಿರುತ್ತದೆ. ಫ್ಯಾಟಿ ಲಿವರ್ ಇರುವವರಲ್ಲಿ ಗಟ್ಟಿತನ 8ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಫೈಬ್ರೋಸಿಸ್ (ಲಿವರ್ ಕಲೆಗಟ್ಟುವಿಕೆ) ಇರುವ ಸಂಭವ ಕಡಿಮೆ. 9.4 ಅತ್ತಲೂ ಇಲ್ಲ, ಇತ್ತಲೂ ಇಲ್ಲ: ಫೈಬ್ರೋಸಿಸ್ ಇಲ್ಲವೆನ್ನಲೂ ಆಗದು, ಖಚಿತ ಎನ್ನಲೂ ಆಗದು. ಚೀಟಿಯಲ್ಲಿ ಎರಡು ಸಂಗತಿ ನೋಡಿ: ಸರಿಯಾದ ಅಳತೆಗಳು ಕನಿಷ್ಠ 10 ಇರಬೇಕು, ಅಳತೆಗಳ ನಡುವಿನ ಏರುಪೇರು ತೋರಿಸುವ ‘ಐಕ್ಯೂಆರ್/ಮೀಡಿಯನ್’ ಶೇ 30 ಮೀರಿರಬಾರದು. ಊಟವಾದ ಮೇಲೆ ಲಿವರಿಗೆ ರಕ್ತ ಹೆಚ್ಚು ಹರಿದು ಅಂಕಿ ಏರುತ್ತದೆ, ಹೆಪಟೈಟಿಸ್, ಪಿತ್ತನಾಳದ ತಡೆ, ಹೃದಯದ ವೈಫಲ್ಯ ಇದ್ದರೂ ಏರುತ್ತದೆ. ದಾರಿಯಲ್ಲಿ ಸುಸಲಾ, ಮಿರ್ಚಿ ತಿಂದು ನೇರ ಪರೀಕ್ಷೆಗೆ ಮಲಗಿದ್ದರೆ ಡಾಕ್ಟರಿಗೆ ಹೇಳಿ. ಕನಿಷ್ಠ 3 ಗಂಟೆ ಏನೂ ತಿನ್ನದೆ ಇನ್ನೊಮ್ಮೆ ಅಳೆಸಬೇಕಾಗಬಹುದು.