ಅಮೆರಿಕದ ಶಾಲೆಗಳಲ್ಲಿ ಗುಂಡಿನ ದಾಳಿ ಯಾಕಿಷ್ಟು ಜಾಸ್ತಿ? ಬಂದೂಕು ಬಿಟ್ಟು ಬೇರೆ ಸಾಮಾಜಿಕ ಕಾರಣಗಳಿವೆಯೇ?

ಇವೆ. ಆದರೆ ಬಂದೂಕನ್ನು ಪಕ್ಕಕ್ಕಿಟ್ಟು ಈ ಮಾತು ಆಡಲಾಗದು. ಒಂಟಿತನ, ಗೇಲಿ, ಮನೆಯ ಜಗಳ ಎಲ್ಲ ದೇಶಗಳಲ್ಲೂ ಇವೆ, ಅಲ್ವಾ? ಅಮೆರಿಕದಲ್ಲಿ ಜನರಿಗಿಂತ ಬಂದೂಕುಗಳೇ ಜಾಸ್ತಿ. ದಾಳಿ ಮಾಡುವ ಹುಡುಗರಿಗೆ ಅವು ಹೆಚ್ಚಾಗಿ ಸಿಗುವುದು ಸ್ವಂತ ಮನೆಯಲ್ಲೋ ನೆಂಟರ ಮನೆಯಲ್ಲೋ.

2021ರ ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲ್ ಪ್ರಕರಣ ನೋಡಿ. 15 ವರ್ಷದ ಹುಡುಗನಿಗೆ ಅಪ್ಪನೇ ಪಿಸ್ತೂಲು ಕೊಡಿಸಿದ್ದ. ದಾಳಿಯ ದಿನ ಬೆಳಿಗ್ಗೆ ಅವನ ಗಣಿತದ ಹಾಳೆಯ ಮೇಲೆ ಬಂದೂಕಿನ ಚಿತ್ರವಿತ್ತು, ಸಹಾಯ ಮಾಡಿ ಎಂಬ ಸಾಲೂ ಇತ್ತು. ಶಾಲೆಯವರು ಅಪ್ಪ ಅಮ್ಮನನ್ನು ಕರೆಸಿದರು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಬ್ಯಾಗನ್ನು ಯಾರೂ ತೆಗೆದು ನೋಡಲಿಲ್ಲ. ಆಮೇಲೆ ನಾಲ್ವರು ವಿದ್ಯಾರ್ಥಿಗಳು ಸತ್ತರು. 2024ರಲ್ಲಿ ಆ ತಂದೆ ತಾಯಿ ಇಬ್ಬರಿಗೂ ಶಿಕ್ಷೆಯಾಯಿತು.

ಇಂಥ ದಾಳಿ ಮಾಡುವವರು ಮೊದಲೇ ಯಾರಿಗಾದರೂ ಸುಳಿವು ಕೊಟ್ಟಿರುವುದೇ ಹೆಚ್ಚು. ಕೇಳಿದವರು ಸುಮ್ನೆ ತಮಾಷೆ ಅಂದುಕೊಳ್ಳುತ್ತಾರೆ, ಇಲ್ಲವೇ ಚಾಡಿಕೋರ ಅನ್ನಿಸಿಕೊಳ್ಳಲು ಹೆದರುತ್ತಾರೆ. ಜೊತೆಗೆ ಹೆಸರು ಮಾಡುವ ಹುಚ್ಚು ಬೇರೆ. 1999ರಲ್ಲಿ ಅಮೆರಿಕದ ಕೊಲಂಬೈನ್ ಹೈಸ್ಕೂಲ್‌ನಲ್ಲಿ ಗುಂಡು ಹಾರಿಸಿದ ದಾಳಿಕೋರರನ್ನು ಆಮೇಲೆ ಎಷ್ಟೋ ಹುಡುಗರು ಮಾದರಿಯಾಗಿ ನೋಡಿದ್ದಾರೆ.

'ತಲೆ ಕೆಟ್ಟವನು' ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಮಾನಸಿಕ ಕಾಯಿಲೆ ಇರುವ ಬಹುತೇಕರು ಯಾರ ತಂಟೆಗೂ ಹೋಗುವುದಿಲ್ಲ.